ಬೊಗೊಟಾ ಆಳುವ ಇಂಗ್ಲಿಷ್ ದ್ವೀಪಗಳು

ಕೆರಿಬಿಯನ್ ಕಡಲಿನ ನೈಋತ್ಯ ಭಾಗದಲ್ಲಿ, ಮಧ್ಯ ಅಮೆರಿಕದ ನಿಕರಾಗುವಾ ದೇಶದ ಕರಾವಳಿಯಿಂದ ಪೂರ್ವಕ್ಕೆ ಸುಮಾರು 220 ಕಿಲೋಮೀಟರ್ ದೂರದಲ್ಲಿ, ಸಾನ್ ಆಂಡ್ರೆಸ್, ಪ್ರೊವಿಡೆನ್ಸಿಯಾ ಮತ್ತು ಸಾಂತಾ ಕತಲೀನಾ ಎಂಬ ಮೂರು ಜನವಸತಿಯ ದ್ವೀಪಗಳೂ ಅವುಗಳ ಸುತ್ತ ಬಹುದೂರದವರೆಗೆ ಚದುರಿಹೋದ ಹವಳದ ದಿಬ್ಬಗಳೂ ಸೇರಿ ಒಂದು ದ್ವೀಪಸಮೂಹವಾಗಿದೆ. ಅದು ಸೇರಿರುವುದು ಹತ್ತಿರದ ನಿಕರಾಗುವಾಕ್ಕಲ್ಲ, 700 ಕಿಲೋಮೀಟರಿಗೂ ಹೆಚ್ಚು ಆಚೆಯಿರುವ ದಕ್ಷಿಣ ಅಮೆರಿಕದ ಕೊಲಂಬಿಯಾಕ್ಕೆ; ಅಲ್ಲಿ ತಲೆಮಾರುಗಳಿಂದ ನೆಲೆಸಿರುವವರ ಮನೆಮಾತು ಕೊಲಂಬಿಯಾದ ಸ್ಪ್ಯಾನಿಷ್ ಅಲ್ಲ, ಇಂಗ್ಲಿಷಿನ ಪದಗಳ ಮೇಲೆ ಆಫ್ರಿಕನ್ ಭಾಷೆಗಳ ಪ್ರಭಾವದಿಂದ ರೂಪುಗೊಂಡ ಕ್ರಿಯೋಲ್; ಅವರ ಹಳೆಯ ಚರ್ಚು ಕ್ಯಾಥೊಲಿಕರದಲ್ಲ, ಪ್ರಾಟೆಸ್ಟೆಂಟರಲ್ಲೇ ಒಂದು ಪಂಥವಾದ ಬ್ಯಾಪ್ಟಿಸ್ಟರದು. ಒಂದು ದೇಶದ ಮಗ್ಗುಲಲ್ಲಿದ್ದು ಇನ್ನೊಂದು ದೇಶದ ಆಳ್ವಿಕೆಗೆ ಒಳಪಟ್ಟು ಮೂರನೆಯದೊಂದು ದೇಶದಿಂದ ಬಂದ ನುಡಿಯನ್ನಾಡುವ ಈ ಸ್ಥಿತಿಗೆ ಕಾರಣಗಳು ಸುಮಾರು ನಾಲ್ಕು ಶತಮಾನಗಳ ಇತಿಹಾಸದಲ್ಲಿ ಹರಡಿಕೊಂಡಿವೆ.

ಈ ದ್ವೀಪಗಳನ್ನು ಇಂದು ಮೂಲೆಯವು, ದೂರದವು ಎಂದು ವರ್ಣಿಸುವುದು ವಾಡಿಕೆಯಾಗಿದ್ದರೂ ಹಾಯಿಹಡಗುಗಳ ಕಾಲದಲ್ಲಿ ದೂರವನ್ನು ಅಳೆಯುತ್ತಿದ್ದುದು ಗಾಳಿಯ ದಿಕ್ಕಿನಿಂದ ಎಂಬುದನ್ನು ನೆನಪಿಡಬೇಕಾಗುತ್ತದೆ. ವರ್ಷದ ಬಹುಕಾಲ ಈಶಾನ್ಯದಿಂದ ಅಥವಾ ಪೂರ್ವದಿಂದ ಒಂದೇ ಸಮನೆ ಬೀಸುವ ವಾಣಿಜ್ಯ ಮಾರುತಗಳನ್ನು ನೆಚ್ಚಿಕೊಂಡು, ಪೆರುವಿನ ಬೆಳ್ಳಿಯನ್ನು ಹೊತ್ತ ಸ್ಪೇನಿನ ಹಡಗುಗಳು ಪನಾಮಾದ ಪೋರ್ತೊಬೆಲೊ ಮತ್ತು ಇಂದಿನ ಕೊಲಂಬಿಯಾದ ಕಾರ್ತಹೇನಾ ಬಂದರುಗಳಿಂದ ಹೊರಟು ಪಶ್ಚಿಮ ಕೆರಿಬಿಯನ್ ಕಡಲನ್ನು ಹಾಯ್ದು ಕ್ಯೂಬಾದ ಹವಾನಾ ಸೇರುತ್ತಿದ್ದವು. ಆ ಕಡಲ ದಾರಿಯ ಮಗ್ಗುಲಲ್ಲೇ ಪ್ರೊವಿಡೆನ್ಸಿಯಾ ಇದ್ದುದರಿಂದ, 17ನೆಯ ಶತಮಾನದ ದೃಷ್ಟಿಯಲ್ಲಿ ಅದು ಮೂಲೆಯಾಗಿರಲಿಲ್ಲ, ಹೆದ್ದಾರಿಯ ಅಂಚಿನ ಕಾವಲುಗೋಪುರವಾಗಿತ್ತು. ದ್ವೀಪಗಳು ದೂರದವಾದದ್ದು ಆಮೇಲೆ, ಆ ದಾರಿ ಬತ್ತಿದ ಮೇಲೆ.

ಒಂದೇ ಹೆಸರಿನಡಿ ಸೇರಿದ್ದರೂ ಎರಡು ಮುಖ್ಯ ದ್ವೀಪಗಳ ಹುಟ್ಟು ಮತ್ತು ಮೈಕಟ್ಟು ಬೇರೆಬೇರೆ. ಸುಮಾರು 17 ಚದರ ಕಿಲೋಮೀಟರ್ ವಿಸ್ತಾರದ ಪ್ರೊವಿಡೆನ್ಸಿಯಾ ದಶಲಕ್ಷಗಟ್ಟಲೆ ವರ್ಷಗಳ ಹಿಂದೆಯೇ ಆರಿಹೋದ ಜ್ವಾಲಾಮುಖಿಯ ಶಿಖರಭಾಗವಾಗಿದ್ದು, ನಡುವಿನ ಬೆಟ್ಟ 360 ಮೀಟರಿನಷ್ಟು ಎತ್ತರಕ್ಕೆ ಏರಿ ಮೋಡಗಳನ್ನು ತಡೆಯುತ್ತದೆ. ಹೀಗಾಗಿ ಅಲ್ಲಿ ಹಳ್ಳತೊರೆಗಳೂ ಫಲವತ್ತಾದ ಕಣಿವೆಗಳೂ ಇವೆ. ಕಿರಿದಾದ ಕಾಲುವೆಯೊಂದರಿಂದ ಅದರಿಂದ ಬೇರ್ಪಟ್ಟಿರುವ ಸಾಂತಾ ಕತಲೀನಾ ಸುಮಾರು ಒಂದು ಚದರ ಕಿಲೋಮೀಟರಿನ ನೆಲವಾಗಿದ್ದು, ಕಾಲ್ನಡಿಗೆಯ ಸೇತುವೆಯೊಂದು ಎರಡನ್ನೂ ಕೂಡಿಸುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ ಉತ್ತರ ದಕ್ಷಿಣವಾಗಿ ನೀಳವಾಗಿ ಚಾಚಿರುವ, ಸುಮಾರು 26 ಚದರ ಕಿಲೋಮೀಟರಿನ ಸಾನ್ ಆಂಡ್ರೆಸ್ ಮಾತ್ರ ಹವಳಗಳು ಕಟ್ಟಿದ ಸುಣ್ಣಕಲ್ಲಿನ ನೆಲ. ಕಡಲೊಳಗಿನ ಜ್ವಾಲಾಮುಖಿಯೊಂದು ನಿಧಾನವಾಗಿ ಕುಸಿಯುತ್ತಿದ್ದಂತೆ ಅದರ ಅಂಚಿನಲ್ಲಿ ಬೆಳೆಯುವ ಹವಳಗಳು ಬೆಳಕನ್ನರಸಿ ಮೇಲಕ್ಕೇರುತ್ತ ಹೋಗಿ ಕೊನೆಗೆ ಉಂಗುರದಾಕಾರದ ದಿಬ್ಬವನ್ನಷ್ಟೇ ನೀರಿನ ಮಟ್ಟದಲ್ಲಿ ಉಳಿಸುತ್ತವೆ. ಇದನ್ನು ಅಟಾಲ್ ಎನ್ನುತ್ತಾರೆ. ಸಾನ್ ಆಂಡ್ರೆಸ್ ಅಂಥದೊಂದು ಅಟಾಲ್ ಆಗಿದ್ದು, ಭೂಚಲನೆಯಿಂದ ಮೇಲೆತ್ತಲ್ಪಟ್ಟು ಒಣನೆಲವಾಗಿದೆ. ಅದರ ಅತಿ ಎತ್ತರದ ದಿಣ್ಣೆಯೂ ನೂರು ಮೀಟರ್ ಮುಟ್ಟುವುದಿಲ್ಲ. ಸುಣ್ಣಕಲ್ಲಿನಲ್ಲಿ ಮಳೆಯ ನೀರು ಇಂಗಿಹೋಗುವುದರಿಂದ ಅಲ್ಲಿ ನದಿಯೆಂಬುದೇ ಇಲ್ಲ. ನೆಲದಡಿಯಲ್ಲಿ ಉಪ್ಪುನೀರಿನ ಮೇಲೆ ತೇಲಿನಿಂತ ಸಿಹಿನೀರಿನ ತೆಳುಪದರವನ್ನು ಅತಿಯಾಗಿ ಎತ್ತಿದರೆ ಬಾವಿಗಳಿಗೆ ಕಡಲೇ ನುಗ್ಗುತ್ತದೆ. ಈ ಎರಡು ದ್ವೀಪಗಳಲ್ಲಿ ನೀರಿಲ್ಲದ್ದರ ಮೇಲೆಯೇ ಜನಸಂಖ್ಯೆಯ ಭಾರವೆಲ್ಲ ಬಿದ್ದಿರುವುದು ನಿಸರ್ಗದ ತಪ್ಪಲ್ಲ. ಅದಕ್ಕೆ ಕಾರಣವಾದ ಆಡಳಿತದ ತೀರ್ಮಾನವೊಂದು ಇಪ್ಪತ್ತನೆಯ ಶತಮಾನದ್ದು.

ಪ್ರೊವಿಡೆನ್ಸಿಯಾದ ಪೂರ್ವಕ್ಕೂ ಉತ್ತರಕ್ಕೂ ಸುಮಾರು 32 ಕಿಲೋಮೀಟರ್ ಉದ್ದದ ತಡೆದಿಬ್ಬ, ಅಂದರೆ ತೆರೆಗಳ ಹೊಡೆತವನ್ನು ತೀರಕ್ಕೆ ಬಾರದಂತೆ ತಡೆಯುವ ಹವಳದ ಗೋಡೆ, ಹಬ್ಬಿಕೊಂಡಿದೆ. ಬೆಟ್ಟದ ಕಾಡಿನಲ್ಲಿ ವಾಸಿಸುವ ಕಪ್ಪು ಏಡಿಗಳು ವರ್ಷಕ್ಕೊಮ್ಮೆ, ಮಳೆಗಾಲದ ಆರಂಭದ ಸುಮಾರಿಗೆ, ಮೊಟ್ಟೆಗಳನ್ನು ಕಡಲಿಗೆ ಬಿಡಲು ಸಾವಿರಗಟ್ಟಲೆಯಾಗಿ ಇಳಿದು ಬರುವಾಗ ರಸ್ತೆಗಳನ್ನೇ ಮುಚ್ಚುವ ಪದ್ಧತಿ ಅಲ್ಲಿದೆ. ಇನ್ನು ಉತ್ತರದಲ್ಲೂ ದಕ್ಷಿಣದಲ್ಲೂ ಇರುವ ರೊಂಕಾದೋರ್, ಕೀತಾಸ್ವೆನ್ಯೊ, ಸೆರಾನಾ, ಸೆರಾನಿಯಾ, ಬಾಹೊ ನ್ವೆವೊ, ಆಲ್ಬುಕೆರ್ಕೆ ಮೊದಲಾದ ದಿಬ್ಬಗಳಲ್ಲಿ ಮೀನುಗಾರರ ತಾತ್ಕಾಲಿಕ ಗುಡಿಸಲು, ದೀಪಸ್ತಂಭ, ಕೆಲವೆಡೆ ಬೆರಳೆಣಿಕೆಯ ಸೈನಿಕರು, ಇಷ್ಟನ್ನು ಬಿಟ್ಟರೆ ಉಳಿದದ್ದು ಹಕ್ಕಿಗಳ ರಾಜ್ಯ. 16ನೆಯ ಶತಮಾನದಲ್ಲಿ ಹಡಗೊಡೆದು ಸೆರಾನಾದ ಮರಳಿನ ಮೇಲೆ ಏಳು ವರ್ಷ ಆಮೆಯ ಮಾಂಸ ತಿಂದು ಬದುಕಿದನೆನ್ನಲಾದ ಪೆದ್ರೊ ಸೆರಾನೊ ಎಂಬ ಸ್ಪ್ಯಾನಿಷ್ ನಾವಿಕನ ಕಥೆಯನ್ನು ಪೆರುವಿನ ಇತಿಹಾಸಕಾರ ಇಂಕಾ ಗಾರ್ಸಿಲಾಸೊ 1609ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಅಮೆರಿಕದ ಅಂತರ್ಯುದ್ಧದಲ್ಲಿ ಹೆಸರು ಮಾಡಿದ್ದ ಕಿಯರ್ಸಾರ್ಜ್ ಯುದ್ಧನೌಕೆ ಕೊನೆಗಂಡದ್ದು ಯಾವ ಶತ್ರುವಿನಿಂದಲೂ ಅಲ್ಲ, 1894ರಲ್ಲಿ ರೊಂಕಾದೋರಿನ ಹವಳಕ್ಕೆ ಬಡಿದು.

ಯುರೋಪಿನವರು ಬರುವ ವೇಳೆಗೆ ಈ ದ್ವೀಪಗಳಲ್ಲಿ ಶಾಶ್ವತ ವಸತಿಯಿರಲಿಲ್ಲ. ಎದುರಿನ ಕರಾವಳಿಯ ಮಿಸ್ಕಿಟೊ ಜನರು ಆಮೆ ಮತ್ತು ಮೀನು ಹಿಡಿಯಲು ಬಂದುಹೋಗುತ್ತಿದ್ದರು. ಮೊದಲು ನೆಲೆಯೂರಿದವರು ಇಂಗ್ಲೆಂಡಿನ ಪ್ಯೂರಿಟನ್ನರು, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚು ಇನ್ನೂ ಸಾಕಷ್ಟು ಶುದ್ಧಗೊಂಡಿಲ್ಲವೆಂದು ನಂಬಿ ಕಟ್ಟುನಿಟ್ಟಿನ ಧರ್ಮಜೀವನವನ್ನು ಬಯಸಿದ ಪಂಥದವರು. ಬರ್ಮುಡಾದಿಂದ ಬಂದ ಮುಂಚೂಣಿ ತಂಡವೊಂದು 1629ರ ಕೊನೆಯ ಹೊತ್ತಿಗೆ ಇಲ್ಲಿ ತಳವೂರಿದ ಬೆನ್ನಿಗೇ, 1630ರಲ್ಲಿ ಲಂಡನ್ನಿನಲ್ಲಿ, ಪ್ರೊವಿಡೆನ್ಸಿಯಾದ ಇಂಗ್ಲಿಷ್ ಹೆಸರನ್ನೇ ಹೊತ್ತ ಪ್ರಾವಿಡೆನ್ಸ್ ಐಲ್ಯಾಂಡ್ ಕಂಪನಿ ಸ್ಥಾಪನೆಯಾಯಿತು. 1631ರಲ್ಲಿ ಸೀಫ್ಲವರ್ ಎಂಬ ಹಡಗು ವಲಸಿಗರನ್ನು ಹೊತ್ತು ತಂದಿತು. ಉತ್ತರ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಇದೇ ಪಂಥದವರು ಇದೇ ವರ್ಷಗಳಲ್ಲಿ ಕಟ್ಟಿದ ವಸಾಹತಿನ ಕಥೆ ಪಠ್ಯಪುಸ್ತಕಗಳನ್ನು ಸೇರಿತು. ಇದು ಅದರ ಮರೆತುಹೋದ ಒಡಹುಟ್ಟು. ಆದರೆ ಆ ಕಾಲದ ಹೂಡಿಕೆದಾರರಿಗೆ ಹೆಚ್ಚು ಭರವಸೆಯಿದ್ದುದು ಚಳಿಯ ಮ್ಯಾಸಚೂಸೆಟ್ಸಿನ ಮೇಲಲ್ಲ, ಬಿಸಿಲಿನ ಪ್ರಾವಿಡೆನ್ಸ್ ದ್ವೀಪದ ಮೇಲೆ.

ಆ ಕಂಪನಿಯ ಪಾಲುದಾರರ ಪಟ್ಟಿ ಗಮನಾರ್ಹವಾದುದು. ವಾರಿಕ್ ಅರ್ಲ್, ಲಾರ್ಡ್ ಸೇ ಮತ್ತು ಸೀಲ್, ಲಾರ್ಡ್ ಬ್ರೂಕ್, ಖಜಾಂಚಿಯಾಗಿ ಜಾನ್ ಪಿಮ್: ಇವರೆಲ್ಲ ಮುಂದೆ ಒಂದನೆಯ ಚಾರ್ಲ್ಸ್ ದೊರೆಯ ವಿರುದ್ಧ ಪಾರ್ಲಿಮೆಂಟಿನ ಪಕ್ಷವನ್ನು ಮುನ್ನಡೆಸಿದ ಧುರೀಣರು. ದೊರೆ 1629ರಿಂದ 1640ರವರೆಗೆ ಪಾರ್ಲಿಮೆಂಟನ್ನೇ ಕರೆಯದೆ ಆಳಿದ ಅವಧಿಯಲ್ಲಿ, ಪುಟ್ಟ ದ್ವೀಪವೊಂದರ ಲೆಕ್ಕಪತ್ರ ನೋಡುವ ನೆಪದಲ್ಲಿ ವಿರೋಧಿಗಳು ಒಂದೆಡೆ ಸೇರಲು ಈ ಕಂಪನಿಯ ಸಭೆಗಳು ಅವಕಾಶ ಕೊಟ್ಟವು. ಸ್ವದೇಶದಲ್ಲಿ ಪ್ರಜೆಯ ಆಸ್ತಿಹಕ್ಕಿಗಾಗಿ ವಾದಿಸುತ್ತಿದ್ದ ಇದೇ ಮಹನೀಯರು ದ್ವೀಪದ ವಲಸಿಗರಿಗೆ ಮಾತ್ರ ಭೂಮಿಯ ಒಡೆತನ ಕೊಡಲಿಲ್ಲ; ಬೆಳೆದ ಹೊಗೆಸೊಪ್ಪು ಮತ್ತು ಹತ್ತಿಯ ಅರ್ಧಭಾಗ ಕಂಪನಿಗೆ ಸಲ್ಲಬೇಕಿತ್ತು. ಇತಿಹಾಸಕಾರ್ತಿ ಕ್ಯಾರೆನ್ ಕಪರ್‌ಮನ್ 1993ರಲ್ಲಿ ಪ್ರಕಟಿಸಿದ ಅಧ್ಯಯನವು ವಸಾಹತಿನ ಸೋಲಿಗೆ ಈ ಗೇಣಿ ಪದ್ಧತಿಯನ್ನು ಒಂದು ಮುಖ್ಯ ಕಾರಣವಾಗಿ ಗುರುತಿಸುತ್ತದೆ. ತನ್ನದಲ್ಲದ ಹೊಲಕ್ಕೆ ಬೆವರು ಹರಿಸಲು ಹಿಂಜರಿದವರು ಬೇರೆಯವರ ಬೆವರನ್ನು ಕೊಂಡುಕೊಳ್ಳತೊಡಗಿದರು. ಆಫ್ರಿಕದಿಂದ ತಂದ ಗುಲಾಮರ ಸಂಖ್ಯೆ ಹತ್ತೇ ವರ್ಷಗಳಲ್ಲಿ ಇಂಗ್ಲಿಷರ ಸಂಖ್ಯೆಯನ್ನು ಸರಿಗಟ್ಟುವ ಮಟ್ಟಕ್ಕೆ ಬೆಳೆಯಿತು. ಸ್ಯಾಮ್ಯುಯೆಲ್ ರಿಶ್‌ವರ್ತ್ ಎಂಬ ವಲಸಿಗ ಗುಲಾಮಗಿರಿ ಕ್ರೈಸ್ತ ಧರ್ಮಕ್ಕೆ ಒಪ್ಪದೆಂದು ವಾದಿಸಿ, ಓಡಿಹೋಗುವವರಿಗೆ ನೆರವಾದನೆಂದು ಕಂಪನಿಯ ಸಿಟ್ಟಿಗೆ ಗುರಿಯಾದ. 1638ರಲ್ಲಿ ಗುಲಾಮರು ದಂಗೆಯೆದ್ದರು. ಇಂಗ್ಲಿಷ್ ವಸಾಹತುಗಳಲ್ಲಿ ನಡೆದ ಮೊದಲ ಗುಲಾಮ ದಂಗೆಯೆಂದು ಇದನ್ನು ಗಣಿಸಲಾಗುತ್ತದೆ. ಅದೇ ವರ್ಷ ಮ್ಯಾಸಚೂಸೆಟ್ಸಿನ ಡಿಸೈರ್ ಎಂಬ ಹಡಗು, ಯುದ್ಧದಲ್ಲಿ ಸೆರೆಸಿಕ್ಕ ಪೀಕ್ವಾಟ್ ಬುಡಕಟ್ಟಿನ ಜನರನ್ನು ಇಲ್ಲಿಗೆ ತಂದು ಮಾರಿ, ಹತ್ತಿ, ಹೊಗೆಸೊಪ್ಪು ಮತ್ತು ಆಫ್ರಿಕನ್ನರನ್ನು ತುಂಬಿಕೊಂಡು ಬಾಸ್ಟನ್ನಿಗೆ ಮರಳಿತು. ಎರಡು ಪುಣ್ಯಭೂಮಿಗಳ ನಡುವೆ ನಡೆದ ಈ ವಿನಿಮಯವನ್ನು ಮ್ಯಾಸಚೂಸೆಟ್ಸಿನ ಗವರ್ನರನೇ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಬೇಸಾಯದಿಂದ ಬಾರದ ಲಾಭವನ್ನು ಕಂಪನಿ ಕಡಲಿನಿಂದ ಹುಡುಕಿತು. ಸ್ಪೇನ್ 1635ರಲ್ಲಿ ದ್ವೀಪದ ಮೇಲೆ ದಾಳಿ ಮಾಡಿ ಸೋತ ಮೇಲೆ, ದೊರೆಯ ಪರವಾನಗಿಯೊಂದಿಗೆ ಶತ್ರುದೇಶದ ಹಡಗುಗಳನ್ನು ದೋಚುವ ಅಧಿಕಾರ ದ್ವೀಪಕ್ಕೆ ದೊರೆಯಿತು. ಇಂಥ ದೋಚುಗಾರರನ್ನು ಪ್ರೈವೆಟಿಯರ್ ಎಂದು ಕರೆಯುತ್ತಿದ್ದರು, ಇವರಿಗೂ ಕಡಲ್ಗಳ್ಳರಿಗೂ ಇದ್ದ ವ್ಯತ್ಯಾಸ ಒಂದು ಕಾಗದದಷ್ಟೇ. ತನ್ನ ಬೆಳ್ಳಿಯ ದಾರಿಯ ಪಕ್ಕದಲ್ಲಿ ಈ ಗೂಡನ್ನು ಸಹಿಸದ ಸ್ಪೇನ್ 1640ರಲ್ಲಿ ಮತ್ತೊಮ್ಮೆ ಸೋತು, 1641ರ ಮೇ ತಿಂಗಳಲ್ಲಿ ಫ್ರಾನ್ಸಿಸ್ಕೊ ದಿಯಾಸ್ ಪಿಮಿಯೆಂತಾನ ದೊಡ್ಡ ನೌಕಾಪಡೆಯಿಂದ ದ್ವೀಪವನ್ನು ಗೆದ್ದುಕೊಂಡಿತು. ಇದನ್ನರಿಯದೆ ಮ್ಯಾಸಚೂಸೆಟ್ಸಿನಿಂದ ಇಲ್ಲಿ ನೆಲೆಸಲೆಂದು ಅದೇ ವರ್ಷ ಹೊರಟು ಬಂದವರನ್ನು ಸ್ಪೇನಿನ ಫಿರಂಗಿಗಳು ಎದುರುಗೊಂಡವು. ಪ್ಯೂರಿಟನ್ನರ ದ್ವೀಪ ಹೀಗೆ ಹನ್ನೊಂದೇ ವರ್ಷಗಳಲ್ಲಿ ಮುಗಿಯಿತು. ಇಂದಿನ ದ್ವೀಪವಾಸಿಗಳು ಅವರ ನೇರ ಸಂತತಿಯೆಂಬ ನಂಬಿಕೆ ಪ್ರವಾಸಿ ಕೈಪಿಡಿಗಳಲ್ಲಿ ಆಗಾಗ ಕಾಣಿಸಿಕೊಂಡರೂ ಅದಕ್ಕೆ ಆಧಾರವಿಲ್ಲ.

ಮುಂದಿನ ಶತಮಾನವನ್ನು ಬೇಗ ದಾಟಬಹುದು. 1666ರಲ್ಲಿ ಎಡ್ವರ್ಡ್ ಮಾನ್ಸ್‌ವೆಲ್ಟ್ ಎಂಬ ಕಡಲ್ಗಳ್ಳನೂ 1670ರ ಕೊನೆಯಲ್ಲಿ ಹೆನ್ರಿ ಮಾರ್ಗನ್ನನೂ ದ್ವೀಪವನ್ನು ಹಿಡಿದರು. ಮಾನ ಉಳಿಸಿಕೊಳ್ಳಬಯಸಿದ ಸ್ಪ್ಯಾನಿಷ್ ಅಧಿಕಾರಿಯ ಕೋರಿಕೆಯಂತೆ ಗುಂಡಿಲ್ಲದ ಮದ್ದು ಸಿಡಿಸಿ ಯುದ್ಧದ ನಾಟಕವಾಡಿ ಮಾರ್ಗನ್ ಗೆದ್ದನೆಂದು ಅವನ ಜೊತೆಗಿದ್ದ ಎಕ್ಸ್‌ಕ್ವೆಮೆಲಿನ್ ಬರೆದಿದ್ದಾನೆ. ಅಲ್ಲಿಂದ ಹೊರಟ ಪಡೆಯೇ 1671ರ ಜನವರಿಯಲ್ಲಿ ಪನಾಮಾ ನಗರವನ್ನು ಸೂರೆ ಮಾಡಿತು. ಆ ಬಳಿಕ ಸ್ಪೇನಿಗೂ ಇದರಲ್ಲಿ ಆಸಕ್ತಿ ಉಳಿಯಲಿಲ್ಲ. ಇಂದಿನ ಜನರ ಪೂರ್ವಜರು ಬಂದದ್ದು 18ನೆಯ ಶತಮಾನದಲ್ಲಿ, ಜಮೈಕಾ ಮತ್ತು ನಿಕರಾಗುವಾದ ಮಿಸ್ಕಿಟೊ ಕರಾವಳಿಯ ಇಂಗ್ಲಿಷ್ ವಸತಿಗಳಿಂದ. ಹತ್ತಿ ಬೆಳೆಯುವ ಯಜಮಾನರೂ ಅವರ ಗುಲಾಮರೂ ಕೂಡಿಯೇ ಬಂದರು. ಆರ್ಚ್‌ಬೋಲ್ಡ್, ರಾಬಿನ್ಸನ್, ಹೋವರ್ಡ್, ಲಿವಿಂಗ್‌ಸ್ಟನ್ ಮೊದಲಾದ ಕುಲನಾಮಗಳು ಅಂದಿನವು.

ಬ್ರಿಟನ್ 1786ರ ಒಪ್ಪಂದದಲ್ಲಿ ಮಿಸ್ಕಿಟೊ ಕರಾವಳಿಯನ್ನು ತೆರವು ಮಾಡಲು ಸ್ಪೇನಿಗೆ ಮಾತು ಕೊಟ್ಟಾಗ ಈ ದ್ವೀಪದವರೂ ಹೊರಡಬೇಕಾಗಿತ್ತು. ಅವರು ಹೊರಡುವ ಬದಲು ಸ್ಪೇನಿನ ದೊರೆಗೆ ನಿಷ್ಠರಾಗಿರುವುದಾಗಿ ಅರ್ಜಿ ಬರೆದು ಉಳಿದುಕೊಂಡರು. ಅವರ ಮೇಲಧಿಕಾರಿಯಾಗಿ ಬಂದ ಐರಿಷ್ ಮೂಲದ ಥಾಮಸ್ ಓನೀಲ್, ದ್ವೀಪಗಳನ್ನು ಗ್ವಾಟೆಮಾಲಾದ ಆಡಳಿತದಿಂದ ಬಿಡಿಸಿ ಇಂದಿನ ಕೊಲಂಬಿಯಾದಲ್ಲಿದ್ದ ಸಾಂತಾ ಫೆ ವೈಸ್‌ರಾಯ್ ಆಡಳಿತಕ್ಕೆ ಸೇರಿಸಬೇಕೆಂದು ಕೋರಿದ. ಗ್ವಾಟೆಮಾಲಾ ನಗರ ಬೆಟ್ಟಗಾಡುಗಳಾಚೆಗಿತ್ತು, ಕಾರ್ತಹೇನಾ ಬಂದರಿಗೋ ಹಡಗಿನಲ್ಲಿ ನೇರವಾಗಿ ಹೋಗಿಬರಬಹುದಾಗಿತ್ತು. ಕಿಲೋಮೀಟರಿನ ಲೆಕ್ಕದಲ್ಲಿ ದೂರವಾದದ್ದು ವ್ಯಾಪಾರದ ಲೆಕ್ಕದಲ್ಲಿ ಹತ್ತಿರವಾಗಿತ್ತು. 1803ರ ನವೆಂಬರ್ 20ರ ರಾಜಾಜ್ಞೆ ಆ ಕೋರಿಕೆಯನ್ನು ಮನ್ನಿಸಿತು. ಇಂದಿನ ಕೊಲಂಬಿಯಾದ ಹಕ್ಕಿನ ಬೇರು ಇರುವುದು ಇಲ್ಲಿ. ಸ್ಪೇನಿನ ವಿರುದ್ಧ ಸ್ವಾತಂತ್ರ್ಯಯುದ್ಧ ನಡೆಯುತ್ತಿದ್ದಾಗ 1818ರಿಂದ ಮೂರು ವರ್ಷ ಪ್ರೊವಿಡೆನ್ಸಿಯಾವನ್ನು ನೆಲೆಯಾಗಿಸಿಕೊಂಡ ಫ್ರೆಂಚ್ ಸಾಹಸಿ ಲೂಯಿ ಓರಿಯ ಅಧ್ಯಾಯ ಮುಗಿದ ಮೇಲೆ, 1822ರಲ್ಲಿ ದ್ವೀಪಗಳು ಬೊಲಿವಾರ್ ಕಟ್ಟಿದ ಗ್ರ್ಯಾನ್ ಕೊಲಂಬಿಯಾಕ್ಕೆ ಸೇರಿದವು.

ಆದರೂ ಒಂದು ನೂರು ವರ್ಷ ಕೊಲಂಬಿಯಾದ ರಾಜಧಾನಿ ಬೊಗೊಟಾ ಇವರ ಬದುಕಿನಲ್ಲಿ ಹೆಚ್ಚೇನೂ ಕೈಹಾಕಲಿಲ್ಲ. ಫಿಲಿಪ್ ಬೀಕ್‌ಮನ್ ಲಿವಿಂಗ್‌ಸ್ಟನ್ ತನ್ನ ಕುಟುಂಬದ ಗುಲಾಮರನ್ನು ಬಿಡುಗಡೆ ಮಾಡಿ, ಭೂಮಿ ಹಂಚಿ, 1840ರ ದಶಕದಲ್ಲಿ ಸಾನ್ ಆಂಡ್ರೆಸಿನ ದಿಣ್ಣೆಯ ಮೇಲೆ ಬ್ಯಾಪ್ಟಿಸ್ಟ್ ಚರ್ಚನ್ನೂ ಅದರೊಂದಿಗೆ ಇಂಗ್ಲಿಷ್ ಓದುಬರಹವನ್ನೂ ನೆಲೆಗೊಳಿಸಿದ. ಹತ್ತಿಯ ಬದಲು ತೆಂಗು ಬಂತು; ಕಾಯಿಗಳು ಅಮೆರಿಕದ ಬಂದರುಗಳಿಗೆ ಹೋದವು, ಅಲ್ಲಿಂದ ಹಿಟ್ಟು, ಬಟ್ಟೆ, ಮನೆಕಟ್ಟುವ ಮರ ಬಂದವು. ಹಿಂದಿನ ಗುಲಾಮರೇ ಸಣ್ಣ ಹಿಡುವಳಿದಾರರಾದ ಈ ಅವಧಿಯನ್ನು ದ್ವೀಪದ ಹಿರಿಯರು ಸುಭಿಕ್ಷದ ಕಾಲವೆಂದು ನೆನೆಯುವುದು ಅಸಹಜವೇನಲ್ಲ. ಅಲ್ಲಿಯವರೆಗೆ ಕೊಲಂಬಿಯಾದ ಭಾಗವಾಗಿದ್ದ ಪನಾಮಾ 1903ರಲ್ಲಿ ಕೈತಪ್ಪಿದ ಮೇಲೆ ಬೊಗೊಟಾ ಎಚ್ಚೆತ್ತಿತು. 1912ರಲ್ಲಿ ದ್ವೀಪಗಳನ್ನು ಕೇಂದ್ರದ ನೇರ ಆಡಳಿತಕ್ಕೆ ತಂದು, 1926ರಲ್ಲಿ ಕಪುಚಿನ್ ಪಂಥದ ಕ್ಯಾಥೊಲಿಕ್ ಪಾದ್ರಿಗಳನ್ನು ಕಳಿಸಿ, ಶಾಲೆಗಳನ್ನು ಸ್ಪ್ಯಾನಿಷಿಗೆ ತಿರುಗಿಸಿತು. ಸರ್ಕಾರಿ ಕೆಲಸ ಬೇಕಾದವನು ಕ್ಯಾಥೊಲಿಕನಾಗಬೇಕಿದ್ದ ಆ ದಿನಗಳ ಮತಾಂತರಿತರನ್ನು ದ್ವೀಪದವರು ಕೆಲಸದ ಕ್ಯಾಥೊಲಿಕರು ಎಂದೇ ಹಂಗಿಸುತ್ತಿದ್ದರು.

ನಿಜವಾದ ಹೊಡೆತ ಬಿದ್ದದ್ದು ಧರ್ಮದಿಂದಲ್ಲ, ಸುಂಕ ತೆಗೆದುಹಾಕಿದ್ದರಿಂದ. 1953ರಲ್ಲಿ ಸೇನಾಡಳಿತಗಾರ ರೋಹಸ್ ಪಿನಿಯಾ ಸಾನ್ ಆಂಡ್ರೆಸನ್ನು ಮುಕ್ತ ಬಂದರೆಂದು, ಅಂದರೆ ವಿದೇಶಿ ಸರಕಿಗೆ ಸುಂಕವಿಲ್ಲದ ತಾಣವೆಂದು, ಘೋಷಿಸಿದ. ವಿಮಾನ ನಿಲ್ದಾಣ ಬಂತು, ಅಂಗಡಿಗಳು ಬಂದವು, ಅವುಗಳೊಂದಿಗೆ ಕೊಲಂಬಿಯಾದ ಮುಖ್ಯ ಭೂಭಾಗದ ವ್ಯಾಪಾರಿಗಳೂ ಕೂಲಿಗಳೂ ಬಂದರು. ಕೆಲವೇ ಸಾವಿರ ಜನರಿದ್ದ ನೆಲದಲ್ಲಿ ಈಗ 50,000ಕ್ಕೂ ಹೆಚ್ಚು ಜನರಿದ್ದಾರೆ; ಪ್ರೊವಿಡೆನ್ಸಿಯಾ ಮತ್ತು ಸಾಂತಾ ಕತಲೀನಾಗಳಲ್ಲಿ ಇರುವವರು 5,000ದ ಆಸುಪಾಸಿನವರು ಮಾತ್ರ. ನದಿಯಿಲ್ಲದ ಸಾನ್ ಆಂಡ್ರೆಸಿನಲ್ಲಿ ಹೋಟೆಲುಗಳ ನಲ್ಲಿ ಹರಿಯುವಾಗ ಹಳೆಯ ಬಡಾವಣೆಗಳು ಟ್ಯಾಂಕರಿಗಾಗಿ ಕಾಯಬೇಕಾದ ಸ್ಥಿತಿ ಹುಟ್ಟಿದ್ದು ಹೀಗೆ. ರೈಸಲ್ ಎಂದು ಕರೆಯಲಾಗುವ ಹಳೆಯ ದ್ವೀಪವಾಸಿಗಳು ತಮ್ಮ ನೆಲದಲ್ಲೇ ಅಲ್ಪಸಂಖ್ಯಾತರಾದ ಮೇಲೆ, 1991ರ ಸಂವಿಧಾನವು ಅವರನ್ನು ಪ್ರತ್ಯೇಕ ಸಮುದಾಯವೆಂದು ಗುರುತಿಸಿತು. ಹೊರಗಿನವರು ಬಂದು ನೆಲೆಸುವುದನ್ನು ನಿಯಂತ್ರಿಸುವ ಕಚೇರಿಯೊಂದು ಅದೇ ವರ್ಷ ಸ್ಥಾಪನೆಯಾಯಿತು. ಮದ್ದು ಸರಿಯಾದದ್ದೇ, ಆದರೆ ರೋಗ ಬಂದು ಸುಮಾರು ನಲವತ್ತು ವರ್ಷ ಆಗಿತ್ತು.

ಈ ನಡುವೆ ಗಡಿಯ ವಿವಾದ ಬೇರೊಂದು ದಾರಿಯಲ್ಲಿ ಸಾಗಿತು. 1928ರ ಎಸ್ಗೆರಾ ಬಾರ್ಸೆನಾಸ್ ಒಪ್ಪಂದದಲ್ಲಿ ಮಿಸ್ಕಿಟೊ ಕರಾವಳಿ ನಿಕರಾಗುವಾಕ್ಕೆ, ದ್ವೀಪಸಮೂಹ ಕೊಲಂಬಿಯಾಕ್ಕೆ ಎಂದು ಇತ್ಯರ್ಥವಾಯಿತು. 1930ರ ಪೂರಕ ದಾಖಲೆ 82ನೆಯ ರೇಖಾಂಶವನ್ನು ದ್ವೀಪಸಮೂಹದ ಪಶ್ಚಿಮದ ಎಲ್ಲೆಯೆಂದು ಹೇಳಿತು. ರೊಂಕಾದೋರ್, ಕೀತಾಸ್ವೆನ್ಯೊ ಮತ್ತು ಸೆರಾನಾ ಅದರಿಂದ ಹೊರಗುಳಿದವು. ಏಕೆಂದರೆ ಗ್ವಾನೊ, ಅಂದರೆ ಗೊಬ್ಬರವಾಗಿ ಬೆಲೆಬಾಳುವ ಕಡಲಹಕ್ಕಿಗಳ ಹಿಕ್ಕೆ, ಸಿಗುವ ಒಡೆಯರಿಲ್ಲದ ದ್ವೀಪಗಳನ್ನು ತನ್ನ ಪ್ರಜೆಗಳು ವಶಪಡಿಸಿಕೊಳ್ಳಬಹುದೆಂಬ 1856ರ ಕಾನೂನಿನ ಬಲದಿಂದ ಅಮೆರಿಕ ಅವುಗಳ ಮೇಲೆ ಹಕ್ಕು ಹೂಡಿತ್ತು. ಅದನ್ನು ಅದು ಬಿಟ್ಟುಕೊಟ್ಟದ್ದು 1972ರಲ್ಲಿ ಸಹಿಯಾಗಿ 1981ರಲ್ಲಿ ಜಾರಿಗೆ ಬಂದ ಒಪ್ಪಂದದಿಂದ. ಅಮೆರಿಕದ ಸೈನಿಕರು ತನ್ನ ನೆಲದಲ್ಲಿದ್ದಾಗ ಆದ 1928ರ ಒಪ್ಪಂದ ಸಿಂಧುವಲ್ಲವೆಂದು ನಿಕರಾಗುವಾದ ಕ್ರಾಂತಿಕಾರಿ ಸಾಂದಿನಿಸ್ತಾ ಸರ್ಕಾರ 1980ರಲ್ಲಿ ಸಾರಿತು; 2001ರಲ್ಲಿ ನಿಕರಾಗುವಾ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಮೊರೆಹೋಯಿತು.

ಐವತ್ತು ವರ್ಷ ಒಪ್ಪಂದವನ್ನು ಸಿಂಧುವೆಂದೇ ನಡೆಸಿಕೊಂಡ ದೇಶ ಈಗ ಅಲ್ಲಗಳೆಯಲಾಗದೆಂದು ನ್ಯಾಯಾಲಯ 2007ರಲ್ಲಿ ಹೇಳಿ, ಮೂರು ಮುಖ್ಯ ದ್ವೀಪಗಳು ಕೊಲಂಬಿಯಾದವೆಂದು ತೀರ್ಮಾನಿಸಿತು. 2012ರ ನವೆಂಬರ್ 19ರ ತೀರ್ಪು ಉಳಿದ ದಿಬ್ಬಗಳನ್ನೂ ಕೊಲಂಬಿಯಾಕ್ಕೇ ಕೊಟ್ಟಿತು, ಆದರೆ ಕಡಲನ್ನು ಕೊಡಲಿಲ್ಲ. ತೀರದಿಂದ 200 ನಾವಿಕ ಮೈಲಿಯವರೆಗೆ ಮೀನು ಮತ್ತು ತಳಸಂಪತ್ತಿನ ಮೇಲೆ ದೇಶವೊಂದಕ್ಕೆ ಇರುವ ಹಕ್ಕಿನ ಪ್ರದೇಶವನ್ನು ಅನನ್ಯ ಆರ್ಥಿಕ ವಲಯ ಎನ್ನುತ್ತಾರೆ. ಎರಡು ದೇಶಗಳ ವಲಯಗಳು ಒಂದರ ಮೇಲೊಂದು ಬಿದ್ದಾಗ ಅವುಗಳ ಕರಾವಳಿಗಳ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಪುಟ್ಟ ದ್ವೀಪಗಳ ಕರಾವಳಿಗಿಂತ ನಿಕರಾಗುವಾದ್ದು ಎಂಟು ಪಟ್ಟಿಗೂ ಹೆಚ್ಚು ಉದ್ದವಾಗಿದ್ದುದರಿಂದ, ಕೊಲಂಬಿಯಾ ತನ್ನದೆಂದುಕೊಂಡಿದ್ದ ಸುಮಾರು 75,000 ಚದರ ಕಿಲೋಮೀಟರ್ ಕಡಲು ನಿಕರಾಗುವಾದ ಪಾಲಾಯಿತು. ಸೆರಾನಾ ಮತ್ತು ಕೀತಾಸ್ವೆನ್ಯೊಗಳ ಸುತ್ತ ತಲಾ 12 ನಾವಿಕ ಮೈಲಿಯ ವೃತ್ತಗಳಷ್ಟೇ ಕೊಲಂಬಿಯಾದವಾಗಿ, ಅನ್ಯರ ನೀರಿನ ನಡುವೆ ಉಳಿದವು. ಕೀತಾಸ್ವೆನ್ಯೊದಲ್ಲಿ ಭರತದ ವೇಳೆಯಲ್ಲೂ ನೀರಿನ ಮೇಲೆ ಕಾಣುವುದು ಹವಳದ ಚೂರುಗಳು ಬೆಸೆದುಕೊಂಡ ಒಂದೇ ಒಂದು ಬಂಡೆ. ಆ ಬಂಡೆಯ ಎತ್ತರವನ್ನು ಅಳೆಯುವ ವಾದಕ್ಕೆ ಎರಡು ದೇಶಗಳ ತಜ್ಞರು ವ್ಯಯಿಸಿದ ಶ್ರಮ ಕಾನೂನಿನ ವಿನೋದಗಳಲ್ಲೊಂದು. ತೀರ್ಪು ಬಂದ ಕೆಲವೇ ದಿನಗಳಲ್ಲಿ ಕೊಲಂಬಿಯಾ, ತನ್ನನ್ನು ಆ ನ್ಯಾಯಾಲಯದ ವ್ಯಾಪ್ತಿಗೆ ಒಳಪಡಿಸಿದ್ದ ಬೊಗೊಟಾ ಒಡಂಬಡಿಕೆಯಿಂದಲೇ ಹೊರನಡೆಯಿತು. ಆ ಒಡಂಬಡಿಕೆಗೆ ಹೆಸರು ಕೊಟ್ಟದ್ದು ಅದರದೇ ರಾಜಧಾನಿ.

ಹೊಸ ಗೆರೆ ಹಾದುಹೋದದ್ದು ಯುನೆಸ್ಕೊ 2000ದಲ್ಲಿ ಮಾನ್ಯ ಮಾಡಿದ, ಪ್ಯೂರಿಟನ್ನರ ಹಡಗಿನ ಹೆಸರನ್ನೇ ಹೊತ್ತ ಸೀಫ್ಲವರ್ ಜೀವಗೋಳ ಮೀಸಲು ಪ್ರದೇಶದ ನಡುವೆ. ಅದರ ಪೆಟ್ಟು ನೇರವಾಗಿ ಬಿದ್ದದ್ದು ದೂರದ ದಿಬ್ಬಗಳ ಸುತ್ತ ಶಂಖದ ಹುಳುವನ್ನೂ ಸೀಗಡಿಯ ಜಾತಿಯ ದೊಡ್ಡ ಲಾಬ್‌ಸ್ಟರನ್ನೂ ಹಿಡಿಯುತ್ತಿದ್ದ ಮೀನುಗಾರರಿಗೆ. 2020ರ ನವೆಂಬರ್ 16ರಂದು ಐಯೋಟಾ ಚಂಡಮಾರುತ ಪ್ರೊವಿಡೆನ್ಸಿಯಾದ ಪಕ್ಕದಲ್ಲೇ ಹಾದು ಬಹುಪಾಲು ಎಲ್ಲ ಕಟ್ಟಡಗಳನ್ನೂ ಕೆಡವಿದಾಗ ಅವರ ದೋಣಿಗಳೂ ಹೋದವು. ದ್ವೀಪದ ಜನ ಪರಂಪರೆಯಿಂದ, ಈಗ ನಿಕರಾಗುವಾದ ಪಾಲಾದ ನೀರಿನಲ್ಲಿ ಮೀನು ಹಿಡಿಯುತ್ತ ಬಂದಿದ್ದಾರೆಂಬ ಕೊಲಂಬಿಯಾದ ವಾದವನ್ನು, ಮೀನುಗಾರರ ಪ್ರಮಾಣಪತ್ರಗಳನ್ನು ಓದಿದ ಬಳಿಕವೂ, ಹೇಗ್ ನ್ಯಾಯಾಲಯ 2022ರ ಏಪ್ರಿಲ್ 21ರ ತೀರ್ಪಿನಲ್ಲಿ ಸಾಬೀತಾಗಿಲ್ಲವೆಂದು ತಳ್ಳಿಹಾಕಿತು. ನಿಕರಾಗುವಾದ ಹಕ್ಕುಗಳನ್ನು ಕೊಲಂಬಿಯಾ ಉಲ್ಲಂಘಿಸಿದೆ ಎಂದೂ ಹೇಳಿತು. 200 ಮೈಲಿಯಾಚೆಗೂ ಕಡಲತಳ ತನ್ನದೆಂಬ ನಿಕರಾಗುವಾದ ಬೇಡಿಕೆ 2023ರ ಜುಲೈ 13ರಂದು ಬಿದ್ದುಹೋಯಿತು. ದ್ವೀಪದ ಮೀನುಗಾರರ ಪ್ರಶ್ನೆಗೆ ಮಾತ್ರ ನ್ಯಾಯಾಲಯ ತೋರಿಸಿದ ದಾರಿ, ಎರಡು ಸರ್ಕಾರಗಳು ಕೂತು ಮಾತಾಡಿ ಒಂದು ಒಪ್ಪಂದಕ್ಕೆ ಬರಬಹುದು ಎಂಬುದಷ್ಟೇ.